ಗೋಡೆಯ ಮೇಲಿನ ನಗು

ಅವಳು ಹುಟ್ಟಿದ ಗಳಿಗೆಯಲ್ಲೇ ಸೂಲಗಿತ್ತಿಯನ್ನು ದುರುಗುಟ್ಟಿ ನೋಡಿದಳಂತೆ. ಈ ಮಾತನ್ನು ಅವಳ ತಾಯಿ ಬಂದವರ ಮುಂದೆಲ್ಲ ಹೇಳಿ, ತಾನೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮಗಳು ಮಾತ್ರ ನಗುತ್ತಿರಲಿಲ್ಲ. ಮದುವೆಯ ಫೋಟೋದಲ್ಲಿ ಅವಳ ಪಕ್ಕ ಕುಳಿತ ಗಂಡು ಕ್ಯಾಮರಾಕ್ಕೆ ಹೆದರಿದ್ದಾನೋ ಹೆಂಡತಿಗೆ ಹೆದರಿದ್ದಾನೋ ಹೇಳುವುದು ಕಷ್ಟ. ಅವನು ಬದುಕಿದ್ದಷ್ಟು ಕಾಲವೂ ಸ್ನೇಹಿತರ ಹತ್ತಿರ, "ನಮ್ಮವಳು ಬೈಯದೆ ತಟ್ಟೆ ಇಟ್ಟಳು ಅಂದ್ರೆ ಅವತ್ತು ನಕ್ಕಳು ಅಂತಲೇ ತಿಳ್ಕೊಳ್ಳೋದು" ಎನ್ನುತ್ತಿದ್ದ. ಅವನು ಹೋದ ಮೇಲೆ ಹಾಗೆ ತಿಳಿದುಕೊಳ್ಳುವವರೂ ಇಲ್ಲವಾದರು.

ಬೀದಿಯಲ್ಲಿ ಅವಳಿಗೆ ಗಂಟುಮೋರೆ ಎಂದೇ ಹೆಸರು. ಎದುರಿಗೆ ಯಾರೂ ಕರೆಯುತ್ತಿರಲಿಲ್ಲ. ಆದರೆ ಅವಳಿಗೆ ಗೊತ್ತಿತ್ತು, ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು. ಅದರಿಂದ ಅವಳಿಗೆ ಅನುಕೂಲವೇ ಆಗಿತ್ತು ಅನ್ನಿ. ಸಾಲ ಕೇಳುವವರು ಬರುತ್ತಿರಲಿಲ್ಲ, ಚಾಡಿ ಹೇಳುವವರು ಬರುತ್ತಿರಲಿಲ್ಲ, ಮಕ್ಕಳ ಚೆಂಡು ಅವಳ ಹಿತ್ತಿಲಿಗೆ ಬಿದ್ದರೆ ಅದು ಬಿಸಿಲಿಗೆ ಬಿಳಚಿಕೊಂಡು ಅಲ್ಲೇ ಬಿದ್ದಿರುತ್ತಿತ್ತು. "ನಗೋ ಹೆಂಗಸನ್ನ ನಂಬಬೇಡ, ಅಳೋ ಗಂಡಸನ್ನ ನಂಬಬೇಡ" ಎಂಬ ಗಾದೆ ಅವಳಿಗೆ ಬಹಳ ಹಿಡಿಸಿತ್ತು. ಮೊದಲ ಅರ್ಧವನ್ನು ಸೊಸೆಯ ಕಿವಿಗೆ ಬೀಳುವ ಹಾಗೆ ಹೇಳುತ್ತಿದ್ದಳು.

ಚಿತ್ರಕಲಾ ಪ್ರದರ್ಶನ ಮಂದಿರದಲ್ಲಿ ಮೆಟ್ಟಿಲ ಕೆಳಗಿನ ಚೀಲದ ಕೌಂಟರು ಅವಳದು. ಚಿತ್ರ ನೋಡಲು ಬಂದವರು ಚೀಲ, ಕೊಡೆ, ಪೆಟ್ಟಿಗೆಗಳನ್ನು ಅಲ್ಲಿ ಬಿಟ್ಟು ಒಳಗೆ ಹೋಗಬೇಕು. ಅವಳ ಹಿಂದೆ ಗೋಡೆಯುದ್ದಕ್ಕೂ ಮರದ ಗೂಡುಗಳು, ಮೂಲೆಯಲ್ಲಿ ಬೆಲೆಬಾಳುವ ಸಾಮಾನಿಗೆ ಕಬ್ಬಿಣದ ಬೀರು, ಬೀರುವಿನ ಕೀಲಿ ಅವಳ ಸೊಂಟದಲ್ಲಿ. ಮೊಳೆಗಳಿಗೆ ನೇತುಹಾಕಿದ ಹಿತ್ತಾಳೆ ಬಿಲ್ಲೆಗಳು, ಜೋಡಿ ಜೋಡಿಯಾಗಿ. ಒಂದನ್ನು ಚೀಲದ ಹಿಡಿಗೆ ಕಟ್ಟುವುದು, ಇನ್ನೊಂದನ್ನು ಬಂದವರ ಕೈಗೆ ಕೊಡುವುದು. ಬಿಲ್ಲೆ ಬಂದರೆ ಚೀಲ ಹೋಗುತ್ತದೆ. ಬಿಲ್ಲೆ ಇಲ್ಲದೆ ದೇವರೇ ಬಂದು ನಿಂತರೂ ಅವಳು ಗೂಡಿನ ಕಡೆ ತಿರುಗಿಯೂ ನೋಡುವವಳಲ್ಲ.

ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಅವಳಿಗಿಂತ ಮೊದಲು ಆ ಕೌಂಟರಿನಲ್ಲಿ ಒಬ್ಬ ಮುದುಕನಿದ್ದ, ಬಹಳ ಒಳ್ಳೆಯವನು, ಎಲ್ಲರ ಗುರುತೂ ಇದ್ದವನು. ಗುರುತಿನ ಮುಖ ನೋಡಿ ಒಬ್ಬನ ಚೀಲವನ್ನು ಅವನ ಭಾವಮೈದುನನ ಕೈಗೆ ಕೊಟ್ಟುಬಿಟ್ಟ. ಭಾವ ಭಾವಮೈದುನರಿಗೆ ಆಸ್ತಿಯ ಜಗಳವಿದ್ದದ್ದು ಪಾಪ ಅವನಿಗೇನು ಗೊತ್ತು? ಪೊಲೀಸರು ಬಂದರು, ಮುದುಕನ ಕೆಲಸ ಹೋಯಿತು. ಮ್ಯಾನೇಜರು ಗೋಡೆಗೆ ದೊಡ್ಡ ಅಕ್ಷರದಲ್ಲಿ ಬೋರ್ಡು ಹಾಕಿಸಿದ: ಬಿಲ್ಲೆ ಇಲ್ಲದೆ ಚೀಲವಿಲ್ಲ. ಅವಳು ಕೆಲಸಕ್ಕೆ ಸೇರಿದ್ದು ಆ ಬೋರ್ಡಿನ ಬಣ್ಣ ಒಣಗುವ ಮೊದಲು. ಆದ್ದರಿಂದ ಅವಳು ಬಂದವರ ಮುಖ ನೋಡುವುದನ್ನೇ ಕಲಿಯಲಿಲ್ಲ, ಕೈ ನೋಡುತ್ತಿದ್ದಳು.

ಇಂಥವಳ ಕೌಂಟರಿನ ಮೇಲೆ ಒಂದು ದಿನ ಮುಖದ ಹಲಗೆ ಬಂದು ಕೂತಿತು. ಅಂಗೈ ಅಗಲದ ಮೂರು ಗುಂಡಿಗಳು: ಹಸಿರು ಮುಖ ನಗುತ್ತದೆ, ಹಳದಿ ಮುಖ ಸುಮ್ಮನಿರುತ್ತದೆ, ಕೆಂಪು ಮುಖ ಮುನಿಸಿಕೊಂಡಿರುತ್ತದೆ. ಚೀಲ ತೆಗೆದುಕೊಂಡು ಹೋಗುವವರು ತಮಗೆ ಹೇಗನ್ನಿಸಿತು ಎಂದು ಒಂದನ್ನು ಒತ್ತಿ ಹೋಗಬೇಕು. ಎಲ್ಲರೂ ಕೆಂಪನ್ನೇ ಒತ್ತಿದರು. ಕೆಲವರು ಎರಡೆರಡು ಸಲ.

"ಏನಮ್ಮಾ, ಈ ತಿಂಗಳೂ ಪೂರ್ತಿ ಕೆಂಪು" ಎಂದ ಮ್ಯಾನೇಜರ್.

"ಕೆಂಪು ಒಳ್ಳೆ ಬಣ್ಣ ಸಾರ್."

"ತಮಾಷೆ ಸಾಕು. ಬಂದವರಿಗೆ ಒಂದು ನಗು ಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಯಾರದಾದ್ರೂ ಚೀಲ ಕಳೆದಿದೆಯಾ ಸಾರ್?"

"ಇಲ್ಲ."

"ಹರಿದಿದೆಯಾ?"

"ಅದಲ್ಲಮ್ಮ ಮಾತು..."

"ಬಂದವರ ಚೀಲ ಕಳೆದುಹಾಕಿದವರು ಹಲ್ಲು ಕಿರೀಬೇಕು ಸಾರ್. ನಾನ್ಯಾಕೆ ಕಿರೀಲಿ?"

ಹೀಗೇ ಮುಂದುವರಿದರೆ ನೆಲಮಾಳಿಗೆಯ ಉಗ್ರಾಣಕ್ಕೆ ಹಾಕುತ್ತೇನೆ, ಅಲ್ಲಿ ಹಳೇ ಕುರ್ಚಿಗಳ ಮೇಲೆ ಮುಖ ಗಂಟು ಹಾಕಿಕೊಂಡು ಕೂತಿರಿ ಎಂದು ಬೆದರಿಸಿ ಅವನು ಹೋದ. ಅವಳು ಹಲಗೆಯ ಮೇಲೆ ಒರೆಸುವ ಬಟ್ಟೆ ಹೊದಿಸಿದಳು. ಮರುದಿನ ಬಟ್ಟೆ ತೆಗೆಸಿದರು. ಮತ್ತೆ ಹೊದಿಸಿದಳು.

ಮನೆಯಲ್ಲೂ ಈ ಹಲಗೆಯ ಕಾಟ ತಪ್ಪಿರಲಿಲ್ಲ. ಸೊಸೆ ದೊಡ್ಡ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವವಳು. ಅಲ್ಲೂ ಇಂಥದೇ ಹಲಗೆ. ಅವಳು ಇಡೀ ದಿನ ನಗುವನ್ನು ಹೊತ್ತು ನಿಂತು, ಮನೆಗೆ ಬಂದವಳೇ ಅದನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಡುತ್ತಿದ್ದಳು.

"ಮುಖ ಎಲ್ಲಿ ಬಿಟ್ಟು ಬಂದೆ?" ಎನ್ನುತ್ತಿದ್ದಳು ಅತ್ತೆ.

"ಅಂಗಡೀಲಿ ಮಾರಿಬಿಟ್ಟೆ ಅತ್ತೆ. ನಿಮಗೆ ಆ ಚಿಂತೆ ಇಲ್ಲ ಬಿಡಿ, ನಿಮ್ಮದನ್ನ ಯಾರೂ ಕೊಳ್ಳೋದಿಲ್ಲ."

ಮಗ ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಿದ್ದ. ಇಬ್ಬರ ನಡುವೆ ಊಟಕ್ಕೆ ಕೂತು, ಕಣ್ಣು ಫೋನಿನಲ್ಲಿ ನೆಟ್ಟು, ತಟ್ಟೆ ಖಾಲಿ ಮಾಡಿ ಏಳುತ್ತಿದ್ದ. ಅವನಿಗೆ ಮಾತು ಕಡಿಮೆ. ತಾಯಿಯ ಜೊತೆಗಂತೂ ಬೇಕು, ಬೇಡ, ಬಂದೆ, ಹೋದೆ, ಅಷ್ಟೇ.

ಆ ವರ್ಷ ಮಂದಿರಕ್ಕೆ ಒಬ್ಬ ಹೊಸ ಕಲಾವಿದ ಬಂದ. ಬಣ್ಣವಿಲ್ಲ, ಕುಂಚವಿಲ್ಲ, ಸುರುಳಿ ಸುರುಳಿ ತಂತಿ, ಪರದೆ, ಪೆಟ್ಟಿಗೆ. ಅವಳು ಅವನಿಗೆ ತಂತಿಯವನು ಎಂದು ಹೆಸರಿಟ್ಟಳು. ಕೌಂಟರಿನ ಎದುರಿನ ಬೆಂಚಿನ ಮೇಲೆ ದಿನಗಟ್ಟಲೆ ಕೂತು ಜನ ಗುಂಡಿ ಒತ್ತುವುದನ್ನೇ ನೋಡುತ್ತಿದ್ದ. ಎದುರಿನ ಕಂಬಕ್ಕೆ ಬೆಂಕಿಪೊಟ್ಟಣದಷ್ಟು ಏನನ್ನೋ ಅಂಟಿಸಿದ. ಹಲಗೆ ರಿಪೇರಿಗೆ ಬಂದವನೇ ಇರಬೇಕೆಂದು ಅವಳು ತಿಳಿದಳು.

"ಕಿತ್ತುಹಾಕೋದಾದ್ರೆ ಬೇಗ ಕಿತ್ತುಹಾಕಪ್ಪ" ಎಂದಳು.

"ಕೀಳೋದಕ್ಕೇ ಬಂದಿದ್ದೀನಿ ಅಮ್ಮಾ" ಎಂದು ಅವನು ನಕ್ಕ.

ಹಿಂದೊಮ್ಮೆ ತಂತಿಗೆ ಬೆಂಕಿ ಹತ್ತಿದಾಗಿನಿಂದ, ಸಂಜೆ ಬಾಗಿಲು ಹಾಕಿದ ಮೇಲೆ ಕೋಣೆಗಳಲ್ಲಿ ಯಂತ್ರ ಬಿಡಬಾರದು ಎಂಬ ಕಟ್ಟಳೆಯಿತ್ತು. ಹಾಗಾಗಿ ತಂತಿಯವನು ತನ್ನ ಯಂತ್ರವನ್ನು ಕಪ್ಪು ಚೀಲಕ್ಕೆ ಹಾಕಿ ಸಂಜೆ ಅವಳ ಬೀರುವಿನಲ್ಲಿ ಇಟ್ಟು ಹೋಗುತ್ತಿದ್ದ. ಅವಳು ಬಿಲ್ಲೆ ಚಾಚಿದರೆ ಕೈಯಾಡಿಸಿಬಿಡುತ್ತಿದ್ದ. "ನನ್ನ ಮುಖ ಗೊತ್ತಿದೆಯಲ್ಲ ಅಮ್ಮಾ, ಅದೇ ಬಿಲ್ಲೆ." ಬೆಳಿಗ್ಗೆ ಮ್ಯಾನೇಜರು ತಾನೇ ಬಂದು, "ಅವರದು ಕೊಡಮ್ಮ, ನಾನು ಹೇಳ್ತಿದ್ದೀನಿ" ಎನ್ನುತ್ತಿದ್ದ. ಅವಳು ಕೊಡುತ್ತಿದ್ದಳು, ಕೊಡುವಾಗಲೆಲ್ಲ ಗೋಡೆಯ ಬೋರ್ಡಿನ ಕಡೆ ಒಮ್ಮೆ ನೋಡುತ್ತಿದ್ದಳು.

ಪ್ರದರ್ಶನ ತೆರೆದ ದಿನ ಗೇಟಿನವನು ಓಡಿಬಂದ. ಊರಿನ ಸುದ್ದಿಯೆಲ್ಲ ಅವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು, ಆದರೆ ಇಂಥ ಸುದ್ದಿ ಅವನಿಗೂ ಸಿಕ್ಕಿರಲಿಲ್ಲ.

"ಅಕ್ಕಾ, ಒಳಗೆ ಹೋಗಿ ನೋಡಿದ್ಯಾ? ನೀನು ನಗ್ತಾ ಇದ್ದೀಯ!"

"ಕುಡಿದಿದ್ದೀಯಾ?"

"ನನ್ನ ಮಕ್ಕಳಾಣೆ. ಬಾಯ್ತುಂಬ ನಗ್ತಾ ಇದ್ದೀಯ. ನೋಡಿ ನನಗೇ ಭಯ ಆಯ್ತು."

ಅವಳು ಕೌಂಟರಿನ ಅಡ್ಡಹಲಗೆ ಇಳಿಸಿ ಒಳಗೆ ಹೋದಳು. ಕೋಣೆ ಕತ್ತಲಾಗಿತ್ತು. ಎದುರಿನ ಗೋಡೆಯ ತುಂಬ ಅವಳದೇ ಮುಖ. ಹುಬ್ಬಿನ ನಡುವಿನ ಗೆರೆಯಲ್ಲಿ ಕೈಯಿಡಬಹುದು, ಅಷ್ಟು ದೊಡ್ಡದು. ಕೆಳಗೆ ಒಂದು ಕಟ್ಟೆ, ಅದರ ಮೇಲೆ ಊಟದ ತಟ್ಟೆಯಷ್ಟಗಲದ ಅದೇ ಮೂರು ಗುಂಡಿಗಳು. ಜನ ಸಾಲಾಗಿ ನಿಂತಿದ್ದರು. ಒಬ್ಬಳು ಕೆಂಪು ಒತ್ತಿದಳು. ಗೋಡೆಯ ಮುಖ ಹಾಗೆಯೇ ಗಂಟಿಕ್ಕಿಕೊಂಡು ನೋಡಿತು. ಹಸಿರು ಒತ್ತಿದಳು. ಮುಖದ ಗಂಟು ಸಡಿಲಿತು, ಕೆನ್ನೆ ಮೇಲೇರಿತು, ತುಟಿ ಬಿರಿಯಿತು, ಮುತ್ತು ಪೋಣಿಸಿದಂಥ ಹಲ್ಲು ತೋರಿಸಿ ಗೋಡೆಯ ಮೇಲಿನವಳು ನಕ್ಕಳು. ಬೆರಳು ಒತ್ತಿಹಿಡಿದಷ್ಟು ಹೊತ್ತು ನಗುತ್ತಲೇ ಇದ್ದಳು. ಬಿಟ್ಟ ಕೂಡಲೇ ಮತ್ತೆ ಗಂಟು.

ಮುತ್ತಿನಂಥ ಹಲ್ಲು! ಅವಳ ಬಾಯಲ್ಲಿ ಮೇಲಿನ ಮುಂದಿನ ಎರಡು ಹಲ್ಲು ಇಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಎತ್ತಿದ ಟ್ರಂಕಿನ ಪಟ್ಟಿ ಕಿತ್ತು ಅದರ ಕೊಂಡಿ ಬಾಯಿಗೆ ಬಡಿದು ಹೋದವು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೆಲಸಕ್ಕೆ ಬಂದಿದ್ದಳು. ಅಂದಿನಿಂದ ತುಟಿ ಹೆಚ್ಚು ತೆರೆಯದೆ ಮಾತಾಡುವುದನ್ನು ಕಲಿತಳು. ಮೊದಲೇ ನಗದವಳು, ಹಲ್ಲಿದೆಯೋ ಇಲ್ಲವೋ ಎಂದು ಯಾರು ನೋಡಬೇಕು?

ಸಾಲಿನಲ್ಲಿದ್ದ ಒಬ್ಬಳು ತಿರುಗಿ ಅವಳನ್ನು ಕಂಡು ಪಕ್ಕದವಳ ಪಕ್ಕೆ ತಿವಿದಳು. "ಇವರೇ ಕಣೇ!" ಪಕ್ಕದವಳು ಗೋಡೆ ನೋಡಿದಳು, ಇವಳನ್ನು ನೋಡಿದಳು, "ಅಲ್ಲಿರೋರೇ ವಾಸಿ" ಎಂದಳು. ಎಲ್ಲರೂ ನಕ್ಕರು. ಆಮೇಲೆ ಹಸಿರು ಗುಂಡಿಗೆ ನೂಕುನುಗ್ಗಲಾಯಿತು.

ಸಂಜೆ ತಂತಿಯವನು ಚೀಲ ತಂದಾಗ ಅವಳು ಬಿಲ್ಲೆಗೂ ಮೊದಲು ಬಾಯಿ ತೆರೆದಳು.

"ಏನಪ್ಪಾ, ಗೋಡೆ ಮೇಲಿರೋಳು ಯಾರು?"

"ನೀವೇ ಅಮ್ಮಾ. ನಿಮಗೆ ಹೇಳಬೇಕು ಅಂತಲೇ ಇದ್ದೆ."

"ನಾನು ನಕ್ಕಿದ್ದು ಯಾವಾಗ?"

"ನೀವು ನಕ್ಕಿಲ್ಲ. ನಿಮ್ಮ ಮುಖ ಇಟ್ಕೊಂಡು ಯಂತ್ರ ನಗಿಸಿದ್ದು. ಅದೇ ಅದರ ಅರ್ಥ. ಒಂದು ಬೆರಳಲ್ಲಿ ಒತ್ತಿ ಇನ್ನೊಬ್ಬರ ಮುಖದಿಂದ ನಗು ಹಿಂಡ್ತಾರಲ್ಲ, ಅದು ಎಂಥ ಅಸಹ್ಯ ಅಂತ ತೋರಿಸಬೇಕಿತ್ತು. ಇದು ಆ ಹಲಗೆ ವಿರುದ್ಧ ಅಮ್ಮಾ. ನಿಮ್ಮ ಪರ."

"ನನ್ನ ಪರ."

"ಹೌದು."

"ನನ್ನ ಪರ ಮಾತಾಡು ಅಂತ ನಿನಗೆ ಹೇಳಿದವರು ಯಾರು? ನಿಮ್ಮಪ್ಪನಾ?"

ಅವನ ಮುಖ ಕೆಂಪಾಯಿತು. "ಮುಂಬಾಗಿಲಲ್ಲಿ ಬೋರ್ಡಿದೆ. ಒಳಗೆ ಬಂದವರ ಚಿತ್ರ ತೆಗೀತೀವಿ, ಬಂದ್ರೆ ಒಪ್ಪಿದ ಹಾಗೆ ಅಂತ."

"ನಾನು ಹಿಂಬಾಗಿಲಿಂದ ಬರೋಳು."

ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ, "ಜನ ನಾಚಿಕೊಳ್ತಾರೆ ಅಂದ್ಕೊಂಡಿದ್ದೆ. ಇಷ್ಟು ಖುಷಿಪಡ್ತಾರೆ ಅಂತ ನನಗೂ ಗೊತ್ತಿರಲಿಲ್ಲ" ಎಂದ.

"ಇಳಿಸು."

"ಆಗಲ್ಲ. ಅದಿಲ್ಲದಿದ್ರೆ ಪ್ರದರ್ಶನವೇ ಇಲ್ಲ. ಎರಡು ವರ್ಷದ ಕೆಲಸ ಅದು."

"ನನ್ನ ಮುಖ ಅದಕ್ಕಿಂತ ಹಳೇದು."

"ಬೈಯಿರಿ ಅಮ್ಮಾ, ಬೈಯಿರಿ. ಆದರೆ ಇಳಿಸೋದಿಲ್ಲ." ಚೀಲವನ್ನು ಕೌಂಟರಿನ ಮೇಲಿಟ್ಟ. ಅವಳು ಯಾವತ್ತಿನಂತೆ ಬಿಲ್ಲೆ ಚಾಚಿದಳು. ಅವನು ಯಾವತ್ತಿನಂತೆ ಕೈಯಾಡಿಸಿ ನಡೆದ.

ಮರುದಿನ ಊರಿಗೆಲ್ಲ ರಜೆ. ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ತನಕ ಜನ. ಪತ್ರಿಕೆಯವರು ಬರುವವರಿದ್ದರು. ತಂತಿಯವನು ಓಡಿಬಂದು ಕೈ ಚಾಚಿದ.

"ಚೀಲ ಅಮ್ಮಾ."

"ಬಿಲ್ಲೆ."

"ಏನು?"

"ಬಿಲ್ಲೆ ಕೊಡು, ಚೀಲ ತಗೋ."

ಅವನು ನಕ್ಕ, ತಮಾಷೆ ಎಂದುಕೊಂಡಿರಬೇಕು. ಅವಳು ತಮಾಷೆ ಮಾಡಿದ್ದನ್ನು ಆ ಕಟ್ಟಡದಲ್ಲಿ ಯಾರೂ ಕಂಡಿರಲಿಲ್ಲ. "ನನ್ನ ಮುಖ ಗೊತ್ತಿಲ್ಲವಾ ನಿಮಗೆ?"

"ಮುಖ ಯಾರು ಬೇಕಾದ್ರೂ ಮಾಡ್ತಾರೆ ಈಗ. ನೀನೇ ಒಂದು ಮಾಡಿದ್ದೀಯಲ್ಲ."

ಮ್ಯಾನೇಜರು ಬಂದ. ಮೊದಲು ಸಮಾಧಾನ, ಆಮೇಲೆ ಗದರಿಕೆ. ಅವಳು ಗೋಡೆಯ ಬೋರ್ಡು ತೋರಿಸಿದಳು. ನಾನೇ ಹಾಕಿಸಿದ್ದು, ನಾನೇ ಹೇಳ್ತಿದ್ದೀನಿ, ಕೊಡಿ ಎಂದ ಅವನು. ಹಾಗಾದರೆ ಬೋರ್ಡು ಇಳಿಸಿ, ಆ ಮುದುಕನನ್ನು ಕರೆದು ಮಾಫಿ ಕೇಳಿ, ಆಮೇಲೆ ಕೊಡುತ್ತೇನೆ ಎಂದಳು ಅವಳು.

"ಬೀರು ಒಡೆಸ್ತೀನಿ."

"ಒಡೆಸಿ. ಒಳಗೆ ಒಂಬತ್ತು ಜನರ ಸಾಮಾನಿದೆ. ಅವರಿಗೆ ನೀವೇ ಜವಾಬು."

"ಕೆಲಸ ಹೋಗುತ್ತೆ, ನೆನಪಿರಲಿ."

"ಹೋಗಲಿ ಬಿಡಿ. ಉಗ್ರಾಣದಲ್ಲಿ ಕುರ್ಚಿ ಕಾಯೋದು ತಪ್ಪಿತು."

ಸಾಲಿನಲ್ಲಿದ್ದವರು ಫೋನು ಮೇಲೆತ್ತಿ ಹಿಡಿದರು. ಇದೂ ಪ್ರದರ್ಶನದ ಭಾಗವೇ ಇರಬೇಕೆಂದು ಯಾರೋ ಹೇಳಿದ್ದು ಅವಳ ಕಿವಿಗೂ ಬಿತ್ತು. ಕೌಂಟರಿನ ಹಲಗೆಯ ಮೇಲಂತೂ ಕೆಂಪು ಗುಂಡಿ ಟಕ್ ಟಕ್ ಟಕ್ ಎಂದು ಬಡಿದುಕೊಳ್ಳುತ್ತಿತ್ತು.

ತಂತಿಯವನು ಮ್ಯಾನೇಜರನ್ನು ಆಚೆ ಕಳುಹಿಸಿದ. ಕೌಂಟರಿಗೆ ಮೊಣಕೈ ಊರಿ, ದನಿ ತಗ್ಗಿಸಿ, ಆದರೆ ಹಲ್ಲು ಕಚ್ಚಿಕೊಂಡು ಹೇಳಿದ: "ಅಮ್ಮಾ, ನಿಮ್ಮ ಮಗ ನಿನ್ನೆ ಮಧ್ಯಾಹ್ನದಿಂದ ಸಂಜೆ ತನಕ ನಾಲ್ಕು ಸಲ ಬಂದಿದ್ದ. ಗೊತ್ತಾ?"

ಅವಳ ಕೈ ಬಿಲ್ಲೆಗಳ ಮೇಲೆ ನಿಂತಿತು. "ಯಾರು ಹೇಳಿದ್ದು ಮಗ ಅಂತ?"

"ಅವನೇ ಹೇಳಿದ. ಕಪ್ಪು ವ್ಯಾನು. ಹಸಿರು ಒತ್ತಿ ಸುಮ್ಮನೆ ನಿಂತಿರ್ತಾನೆ. ಹಿಂದಿನವರು ಗೊಣಗಿದ್ರೆ ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ತಾನೆ. ಫೋನಲ್ಲಿ ಚಿತ್ರ ತಗೊಂಡ. ಅದು ನಿಮ್ಮದಲ್ಲ ಅಂತ ನೀವು ಹೇಳ್ತೀರಿ. ಅವನಿಗೆ ಅದು ಬೇಕು. ಅವನಿಂದ ಕಿತ್ತುಕೊಳ್ತೀರಾ?"

ಗುರಿಯಿಟ್ಟು ಹೊಡೆದ ಕಲ್ಲು ಅದು, ಸರಿಯಾಗಿಯೇ ತಾಗಿತು. ತನ್ನ ಕೌಂಟರಿನ ಮುಂದೆಯೇ ನಾಲ್ಕು ಸಲ ಹಾದುಹೋಗಿದ್ದಾನೆ. ಚೀಲವಿಲ್ಲದ ಕೈ, ಅವಳು ನೋಡಲೇ ಇಲ್ಲ. ಅವಳು ಮೊದಲಿಗಿಂತ ಮೆಲ್ಲಗೆ, ಮೊದಲಿಗಿಂತ ಕೆಟ್ಟದಾಗಿ ಹೇಳಿದಳು:

"ಅದಕ್ಕೇ ಇಳಿಸು. ಗಂಟುಮೋರೆ ಬೇಕಾದ್ರೆ ಇಟ್ಕೋ, ಅದು ನಂದೇ, ಊರಿಗೆಲ್ಲ ಗೊತ್ತು. ನಗು ತೆಗಿ. ನೀನು ತೆಗೆಯೋ ತನಕ ಈ ಕೀಲಿ ಸೊಂಟದಿಂದ ಇಳಿಯೋಲ್ಲ. ನಾಳೆಯೂ ಇಲ್ಲ, ನಾಡಿದ್ದೂ ಇಲ್ಲ. ಹೆಂಗಸಿನ ಸೊಂಟಕ್ಕೆ ಕೈ ಹಾಕ್ತೀನಿ ಅಂದ್ರೆ ಬಾ."

ಅವನು ಕೌಂಟರಿನಿಂದ ಮೊಣಕೈ ಎತ್ತಿದ. "ನಿಮ್ಮಂಥವರ ಪರವಾಗಿ ಏನೂ ಮಾಡಬಾರದು" ಎಂದ.

"ಅಷ್ಟು ತಿಳ್ಕೊಂಡ್ರೆ ಸಾಕು."

ಮಧ್ಯಾಹ್ನದ ಹೊತ್ತಿಗೆ ಒಪ್ಪಿದ. ಒಪ್ಪದೆ ಮಾಡುವುದೇನು, ಕತ್ತಲ ಗೋಡೆಯ ಮುಂದೆ ಪತ್ರಿಕೆಯವರು ಆಕಳಿಸುತ್ತಿದ್ದರು. ಅವಳು ಚೀಲ ಹಿಡಿದುಕೊಂಡು ತಾನೇ ಅವನ ಹಿಂದೆ ಹೋದಳು, ಅವನು ಯಂತ್ರಕ್ಕೆ ತಂತಿ ಸಿಕ್ಕಿಸಿ ಏನೇನೋ ಒತ್ತುವ ತನಕ ತಲೆಯ ಮೇಲೇ ನಿಂತಳು, ಆಮೇಲೆ ತಾನೇ ಹಸಿರು ಗುಂಡಿಯನ್ನು ಅಂಗೈಯಿಂದ ಒತ್ತಿ ನೋಡಿದಳು. ಗೋಡೆಯ ಮೇಲಿನವಳು ಕದಲಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಸರಿ ಎಂದು ಅವಳು ಹೊರಗೆ ಬಂದಳು.

ಮ್ಯಾನೇಜರು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಬೋರ್ಡಿನ ಪ್ರಕಾರ ನಡೆದದ್ದಕ್ಕೆ ತೆಗೆದ ಹಾಗಾಗುತ್ತದಲ್ಲ. ಆದರೆ ಅಂದಿನಿಂದ ಅವಳ ಜೊತೆ ಮಾತು ನಿಲ್ಲಿಸಿದ. ಅದನ್ನು ಅವಳು ಶಿಕ್ಷೆ ಎಂದು ತಿಳಿಯಲಿಲ್ಲ.

ಸಾಯಂಕಾಲ ಮಗ ಬಂದ. ಈ ಸಲ ಅವಳು ನೋಡುತ್ತಲೇ ಇದ್ದಳು. ಅವನ ಜೊತೆ ವ್ಯಾನಿನ ಇಬ್ಬರು ಗೆಳೆಯರು, ತೋರಿಸಲು ಕರೆತಂದಿದ್ದ. ಅಂಗಿ ಹೊಸದು. ತಾಯಿಯ ಕಡೆ ನೋಡದೆ ಒಳಗೆ ಹೋದವರು ಬೇಗನೇ ಹೊರಗೆ ಬಂದರು. ಗೆಳೆಯರಲ್ಲೊಬ್ಬ, "ಎಲ್ಲೋ ನಗ್ತಾರೆ? ಮನೇಲಿರೋ ಹಾಗೇ ಇದ್ದಾರಲ್ಲೋ" ಎನ್ನುತ್ತಿದ್ದ. ಮಗ ನೇರ ಕೌಂಟರಿಗೆ ಬಂದ.

"ನೀನೇ ತೆಗೆಸಿದ್ಯಾ?"

"ಹೂಂ."

"ನಿನಗೆ ಅದರಿಂದ ಏನು ಕಡಿಮೆಯಾಗಿತ್ತಮ್ಮ?"

"ಕೌಂಟರಿಗೆ ಅಡ್ಡ ನಿಲ್ಬೇಡ. ಜನ ಕಾಯ್ತಿದ್ದಾರೆ."

ಅವನು ಕೈ ಬೀಸಿ ಹಲಗೆಯ ಕೆಂಪು ಗುಂಡಿಗೆ ಒಂದೇಟು ಗುದ್ದಿ ಹೊರಟುಹೋದ. ಅಷ್ಟು ಜನ ಒತ್ತಿದ್ದರು ಅದನ್ನು. ಅವಳು ಯಾವತ್ತೂ ಅತ್ತ ನೋಡಿರಲಿಲ್ಲ. ಅವತ್ತು ನೋಡಿದಳು.

ಮನೆಗೆ ಬಂದಾಗ ಸೊಸೆ ಒಲೆಯ ಮುಂದಿದ್ದಳು. ಮಗ ಚಾಪೆಯ ಮೇಲೆ ಗೋಡೆಗೊರಗಿ ಕೂತು ಫೋನನ್ನು ಮೊಣಕಾಲಿಗೆ ಒರಗಿಸಿಕೊಂಡಿದ್ದ. ಅದರ ಬೆಳಕು ಅವನ ಮುಖದ ಮೇಲೆ ಬೀಳುತ್ತಿತ್ತು. ಅವಳು ಕಾಲು ತೊಳೆದು ಬಂದು ಅವನ ಹಿಂದೆ ನಿಂತು ನೋಡಿದಳು. ಅಲ್ಲಿ ಅವಳು ನಗುತ್ತಿದ್ದಳು. ಅಂಗೈಯಷ್ಟಾಗಿದ್ದಳು, ಆದರೆ ಹಲ್ಲು ಅವೇ.

"ಅಳಿಸು ಅದನ್ನ."

"ಅಳಿಸಲ್ಲ."

"ಹಾಗಾದ್ರೆ ಆ ಫೋನಲ್ಲಿರೋಳನ್ನೇ ಕೇಳು ಊಟಕ್ಕೆ. ಬಡಿಸ್ತಾಳೆ." ಸೊಸೆಯ ಕಡೆ ತಿರುಗಿದಳು. "ಇವನ ತಟ್ಟೆ ಎತ್ತಿಡೆ."

"ನನ್ನನ್ನ ನಡುವೆ ತರಬೇಡಿ ಅತ್ತೆ" ಎಂದಳು ಸೊಸೆ. ಆದರೆ ಗೋಡೆಯ ಪಕ್ಕದ ತಟ್ಟೆಯನ್ನು ಅವನ ಮುಂದೆ ಇಡಲೂ ಇಲ್ಲ.

ಮಗ ಎದ್ದು ನಿಂತ. ಬೇಕು ಬೇಡಗಳಲ್ಲೇ ಇಷ್ಟು ವರ್ಷ ಮುಗಿಸಿದವನು ಅಂದು ಬಾಯಿಬಿಟ್ಟ. "ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತು ಮೊದಲು ನಿನ್ನ ಮುಖ ನೋಡ್ತಿದ್ದೆ ನಾನು. ಇವತ್ತು ಒಳಗೆ ಹೋಗಬಹುದಾ ಬೇಡವಾ ಅಂತ. ಪಾಸಾದಾಗಲೂ ಅದೇ ಮುಖ, ಫೇಲಾದಾಗಲೂ ಅದೇ ಮುಖ. ಅಪ್ಪ ಸತ್ತಾಗಲೂ ಅದೇ. ನನ್ನ ಮದುವೇಲಿ ಇವಳ ತಾಯಿ ನನ್ನ ಕೇಳಿದ್ರು, ನಿಮ್ಮಮ್ಮನಿಗೆ ಸಂಬಂಧ ಇಷ್ಟ ಇಲ್ಲವಾ ಅಂತ. ಯಾರೋ ಒಬ್ಬ ಬಂದು ನೀನು ನಕ್ಕರೆ ಹೇಗಿರ್ತೀಯ ಅಂತ ತೋರಿಸಿದ. ಅದನ್ನೂ ತಡ್ಕೊಳ್ಳೋಕೆ ಆಗಲಿಲ್ಲ ನಿನಗೆ. ಇದೊಂದು ನನ್ನ ಹತ್ರ ಇರಲಿ ಬಿಡು. ನಿನ್ನಿಂದ ನಾನು ಬೇರೇನೂ ಕೇಳಲ್ಲ."

"ನಾನು ನಕ್ಕರೆ ಹಾಗಿರ್ತೀನಾ?"

"ಹಾಗೇ ಇರ್ತೀಯ. ಚೆನ್ನಾಗಿರ್ತೀಯ."

"ನಿಮ್ಮಮ್ಮನ ಬಾಯಲ್ಲಿ ಹಲ್ಲೆಷ್ಟಿವೆ ಹೇಳು."

"ಏನು?"

"ಕಷ್ಟದ ಪ್ರಶ್ನೆಯಾ? ಹೇಳು."

ಅವನು ಹೆಂಡತಿಯ ಕಡೆ ನೋಡಿದ. ಸೊಸೆ ಸೌಟಿನಿಂದ ಪಾತ್ರೆ ಕೆರೆಯುತ್ತ, ತಿರುಗದೆಯೇ ಹೇಳಿದಳು: "ಮುಂದಿನ ಎರಡು ಇಲ್ಲ. ಎಡಗಡೆ ದವಡೆದು ಹೋದ ವರ್ಷ ಹೋಯ್ತು. ಅದಕ್ಕೇ ಅಲ್ವಾ ಅವರದು ಬೇರೆ ತೆಗೆದು ಮೆತ್ತಗೆ ಬೇಯಿಸೋದು ನಾನು? ಅತ್ತೆಗೆ ಬೇಯಿಸೋದು ಯಾರು ಅಂತ ತಿಳ್ಕೊಂಡಿದ್ದೀರಿ? ಹಲ್ಲಿದ್ದಿದ್ರೆ ನನ್ನ ಇನ್ನೂ ಜೋರಾಗಿ ಕಚ್ಚಿರೋರು."

"ಸುಮ್ನಿರೆ" ಎಂದಳು ಅತ್ತೆ, ಅಭ್ಯಾಸದಂತೆ.

ಅವಳು ಮಗನ ಮುಂದೆ ನಿಂತಳು. ಎರಡು ಬೆರಳಿನಿಂದ ಮೇಲಿನ ತುಟಿಯನ್ನು ಹಿಡಿದು ಮೂಗಿನ ತನಕ ಎತ್ತಿದಳು. ನಡುವೆ ಕಪ್ಪು ಕಿಂಡಿ, ಎರಡೂ ಪಕ್ಕ ಹಳದಿ ತಿರುಗಿದ ಉಳಿದ ಹಲ್ಲು, ಒಸಡಿನ ಮೇಲೆ ಕೊಂಡಿ ಸೀಳಿದ ಹಳೆಯ ಗಾಯದ ಗೆರೆ. ನೊಂದವಳ ಮುಖವಲ್ಲ ಅದು, ಕಚ್ಚಲು ಬಂದ ನಾಯಿಯ ಮುಖ.

"ಮುಚ್ಚಮ್ಮ" ಎಂದ ಮಗ.

ಅವಳು ಮುಚ್ಚಲಿಲ್ಲ. ತುಟಿ ಎತ್ತಿಕೊಂಡೇ, ಮಾತು ಗಾಳಿಯಾಗಿ ಸೋರುತ್ತಿರಲು, "ಇದು ನಿಮ್ಮಮ್ಮ" ಎಂದಳು. "ಅದನ್ನ ಅಳಿಸಿದ ಮೇಲೆ ಮುಚ್ಚೋದು."

"ಅಮ್ಮಾ, ಬೇಡ."

"ನೋಡು. ಅವಳನ್ನ ನೋಡಿದಷ್ಟು ಹೊತ್ತು ಇದನ್ನೂ ನೋಡು."

ಅವನು ಬೇರೆ ಕಡೆ ತಿರುಗಿದ. ಅವಳೂ ಆ ಕಡೆಗೆ ತಿರುಗಿ ಎದುರಿಗೇ ನಿಂತಳು. ಒಲೆಯ ಮೇಲೆ ನೀರು ಉಕ್ಕಿ ಚುಂಯ್ ಎಂದಿತು. ಸೊಸೆ ಅದನ್ನು ಇಳಿಸಲೂ ಮರೆತು ನಿಂತಿದ್ದಳು. ಕೊನೆಗೆ ಅವನೇ ಅವಳ ಬಾಯನ್ನು ನೋಡಿದ, ಕಣ್ಣು ಕೀಳದೆ ನೋಡಿದ. ಕಿಂಡಿ, ಗೆರೆ, ತುಟಿ ಹಿಡಿದ ಎರಡು ಬೆರಳು.

"ಯಾವಾಗ ಆದದ್ದು ಇದು?"

"ನೀನು ಚಿಕ್ಕವನಿದ್ದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ರೆ ಕಳ್ಳಿ ಬಂದ್ಳು ಅಂತ ಕಿರುಚಿಕೊಂಡು ಓಡ್ತಿದ್ದೆ."

ಅವನು ಫೋನನ್ನು ತೆಗೆದುಕೊಂಡ. ಹೆಬ್ಬೆರಳು ಎರಡು ಸಲ ಆಡಿತು. ಅಳಿಸಿ, ಅವಳಿಗೆ ಕಾಣುವ ಹಾಗೆ ತಿರುಗಿಸಿ ಹಿಡಿದ. ಅಲ್ಲಿ ವ್ಯಾನಿನ ಚಕ್ರದ ಫೋಟೋ ಇತ್ತು, ಅದರ ಪಕ್ಕ ಏನೂ ಇರಲಿಲ್ಲ.

"ಆಯ್ತಾ?" ಎಂದ. "ಆ ನಗು ಚೆನ್ನಾಗಿತ್ತು. ಅಳಿಸಿದ್ರೂ ಹೇಳ್ತೀನಿ."

"ಚೆನ್ನಾಗೇ ಇತ್ತು. ಯಾರದೋ."

ಅವಳು ತುಟಿ ಬಿಟ್ಟಳು, ಸೆರಗಿನಿಂದ ಬೆರಳು ಒರೆಸಿಕೊಂಡಳು, ಗೋಡೆಯ ಪಕ್ಕದ ತಟ್ಟೆಯನ್ನು ತಾನೇ ತಂದು ಅವನ ಮುಂದೆ ಕುಕ್ಕಿದಳು. ಅವನು ಕೂರಲು ಬಹಳ ಹೊತ್ತು ಮಾಡಿದ. ಕೂತ ಮೇಲೂ ಕೈ ತೊಳೆಯಲಿಲ್ಲ. ಅವಳು ಚೆಂಬಿನಲ್ಲಿ ನೀರು ಹಿಡಿದು ನಿಂತೇ ಇದ್ದಳು.